ನೀವ್ ಬಂದ್ ನೋಡಿದ್ರಾ?

ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ಮಳವಳ್ಳಿ ಕಡೆಯ ರೈತರೊಬ್ಬರು. ಇಲ್ಲಿ ಅವರನ್ನು ಗೌಡ್ರು ಅಂತಲೇ ಕರೆಯುತ್ತೇನೆ.

"ಏನ್ ಸಾ, ನಾಲೆಗೆ ನೀರು ಬಿಟ್ಟವ್ರೆ ಅಂತ ಪೇಪರ್‌ನಲ್ಲಿ ಹಾಕಿದ್ದೀರಲ್ಲ, ನಮ್ ತೂಬಲ್ಲಿ ಒಂದ್ ಚೊಂಬು ನೀರಿಲ್ಲ. ನೀವ್ ಬಂದ್ ನೋಡಿದ್ರಾ?"

ನೋಡಿರಲಿಲ್ಲ. ಹಿಂದಿನ ಸಂಜೆ ಪತ್ರಕರ್ತರ ವಾಟ್ಸ್‌ಆ್ಯಪ್ ಗ್ರೂಪಿಗೆ ಪ್ರಕಟಣೆ ಬಂದಿತ್ತು. ಕೆ.ಆರ್.ಎಸ್. ಅಣೆಕಟ್ಟೆಯಿಂದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸಲಾಗುತ್ತಿದೆ, ರೈತರು ಸಹಕರಿಸಬೇಕು ಅಂತ. ಎರಡು ವಾಕ್ಯ ಹಿಂದೆಮುಂದೆ ಮಾಡಿ, ತಲೆಬರಹ ಕೊಟ್ಟು ಡೆಸ್ಕಿಗೆ ಕಳಿಸಿದ್ದೆ. ಐದು ನಿಮಿಷದ ಕೆಲಸ. ಪ್ರಕಟಣೆಯಲ್ಲಿ ಸುಳ್ಳೇನೂ ಇರಲಿಲ್ಲ. ನೀರು ಬಿಟ್ಟಿದ್ದು ನಿಜ. ಅದು ಎಲ್ಲಿಯವರೆಗೆ ಹೋಯಿತು ಅಂತ ಮಾತ್ರ ನಾನು ಕೇಳಿರಲಿಲ್ಲ.

ಮಂಡ್ಯದಲ್ಲಿ ನೀರಿಗಿಂತ ದೊಡ್ಡ ಸುದ್ದಿ ಇಲ್ಲ. ಮಳೆಗಾಲದಲ್ಲಿ ಇಲ್ಲಿನ ಎಷ್ಟೋ ಜನ ಪೇಪರ್ ಬಿಡಿಸಿದ ಕೂಡಲೇ ಹುಡುಕುವುದು ಕೆ.ಆರ್.ಎಸ್. ನೀರಿನ ಮಟ್ಟದ ಪುಟ್ಟ ಚೌಕವನ್ನು. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಒಂದು ಅಂಕಿ ತಪ್ಪಿದರೆ ಹತ್ತು ಫೋನ್ ಬರುತ್ತವೆ. ಅಷ್ಟು ನಂಬಿ ಓದುವವರಿಗೆ ನಾನು ನೋಡದೇ ಬರೆದಿದ್ದೆ. ತಿಂಡಿ ತಿನ್ನಲು ಮನಸ್ಸಾಗಲಿಲ್ಲ. ಬೈಕ್ ತೆಗೆದೆ.

ದಾರಿಯುದ್ದಕ್ಕೂ ಹಳೆಯದೇ ನೆನಪಾಗುತ್ತಿತ್ತು. ನಾನು ಈ ಕೆಲಸಕ್ಕೆ ಸೇರಿದಾಗ ಸುದ್ದಿಯನ್ನು ಕೈಯಲ್ಲೇ ಬರೆಯುತ್ತಿದ್ದೆವು. ಕವರಿಗೆ ಹಾಕಿ ಮೈಸೂರು ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ, ಆ ಕಡೆ ಬಸ್ ಸ್ಟ್ಯಾಂಡಿನಲ್ಲಿ ಆಫೀಸಿನ ಹುಡುಗ ಕಾದು ಇಸ್ಕೊಳ್ಳುತ್ತಿದ್ದ. ಆಮೇಲೆ ಫ್ಯಾಕ್ಸ್ ಬಂತು, ಇಮೇಲ್ ಬಂತು. ಆಗ ಊರಿನ ಸುದ್ದಿ ಬೇಕೆಂದರೆ ಊರಿಗೇ ಹೋಗಬೇಕಿತ್ತು. ಅರ್ಧ ಸುದ್ದಿ ಟೀ ಅಂಗಡಿಯ ಬೆಂಚಿನ ಮೇಲೇ ಸಿಗುತ್ತಿತ್ತು. 1972ರಲ್ಲಿ ಶುರುವಾದ ಆಂದೋಲನ, 1978ರಲ್ಲಿ ಬಂದ ಮೈಸೂರು ಮಿತ್ರದಂಥ ಪತ್ರಿಕೆಗಳು ನಮ್ಮ ಕಡೆ ಬೇರು ಬಿಟ್ಟಿದ್ದು ಇಂಥ ಓಡಾಟದಿಂದಲೇ. ರಾಜ್ಯದ ಸುದ್ದಿಗೆ ಒಂದು ಪೇಪರ್, ನಮ್ಮೂರಿನ ಚರಂಡಿ, ಜಾತ್ರೆ, ಸಾವಿನ ಸುದ್ದಿಗೆ ಇನ್ನೊಂದು ಅಂತ ಎರಡೂ ತರಿಸುವ ಮನೆಗಳಿದ್ದವು. ಈಗ ನಾನು ಕೂತಲ್ಲೇ ಎಲ್ಲವೂ ಫೋನಿಗೆ ಬರುತ್ತದೆ. ಸಂಜೆಯೊಳಗೆ ಎಂಟು ಹತ್ತು ಸುದ್ದಿ ಕಳಿಸಬೇಕು. ಒಂದು ತೂಬು ನೋಡಲು ಅರ್ಧ ದಿನ ಹೋದರೆ ಉಳಿದವನ್ನು ಯಾರು ಬರೆಯಬೇಕು? ನಾವು ಇದ್ದಿದ್ದು ಮೂವರು, ಈಗ ನಾನೊಬ್ಬನೇ.

ಗೌಡ್ರು ಕಿರುನಾಲೆಯ ಏರಿ ಮೇಲೆ ನಿಂತಿದ್ದರು. ಪೇಪರನ್ನು ಮಡಚಿ ಪಂಚೆಯ ಸೊಂಟಕ್ಕೆ ಸಿಕ್ಕಿಸಿದ್ದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಬನ್ನಿ" ಅಂತ ನಾಲೆಯೊಳಗೇ ಇಳಿದರು. ತಳದಲ್ಲಿ ಹೂಳು ಒಣಗಿ ಹೆಂಚಿನ ಚೂರಿನ ಹಾಗೆ ಎದ್ದಿತ್ತು. ತೂಬಿನ ಬಾಯಲ್ಲಿ ಜೇಡ ಬಲೆ ಕಟ್ಟಿತ್ತು. ನೀರು ಹರಿದು ಎಷ್ಟು ದಿನವಾಯಿತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಪಕ್ಕದಲ್ಲೇ ಭತ್ತದ ಒಟ್ಲು, ಅಂದರೆ ಸಸಿಮಡಿ. ಮೂರು ವಾರ ದಾಟಿ ನಾಟಿಗೆ ಬಂದಿತ್ತು, ಆದರೆ ಗದ್ದೆ ಕೆಸರು ಮಾಡಲು ನೀರಿಲ್ಲ. ಪಕ್ಕದವರ ಬೋರಿನಿಂದ ಕಾಡಿ ಬೇಡಿ ಒಟ್ಲಿಗೆ ಮಾತ್ರ ನೀರು ಹಾಯಿಸಿದ್ದರು. ನಾಟಿಗೆ ಮೊದಲೇ ಪೈರು ಬಲಿತರೆ ತೆಂಡೆ (ಬುಡದ ಕವಲು) ಜಾಸ್ತಿ ಒಡೆಯುವುದಿಲ್ಲ. ತುದಿಯೆಲ್ಲ ಹಳದಿ ತಿರುಗುತ್ತಿತ್ತು. ಗೌಡ್ರು ಒಂದು ಪೈರು ಕಿತ್ತು ನನ್ನ ಅಂಗೈಗಿಟ್ಟರು. ಏನೂ ಹೇಳಲಿಲ್ಲ.

ಅಲ್ಲಿಗೆ ಊರಿನ ಹುಡುಗನೊಬ್ಬ ಬಂದ. ಯೂಟ್ಯೂಬ್ ಚಾನೆಲ್ ಮಾಡಿದ್ದಾನೆ. "ಎರಡು ದಿನದ ಹಿಂದೆಯೇ ವಿಡಿಯೋ ಹಾಕಿದ್ದೆ ಅಣ್ಣ" ಅಂತ ಫೋನ್ ತೋರಿಸಿದ. ಹೌದು, ಇದೇ ನಾಲೆ, ಇದೇ ಬಿರುಕು. ಇಂಥ ಹುಡುಗರ ಬಗ್ಗೆ ನಮ್ಮವರು ಹಗುರವಾಗಿ ಮಾತಾಡುವುದನ್ನು ಕೇಳಿದ್ದೇನೆ. ನನಗೆ ಅವತ್ತು ಹಾಗನ್ನಿಸಲಿಲ್ಲ. ನಾನು ನೋಡದ್ದನ್ನು ಅವನು ನೋಡಿದ್ದ, ಅಲ್ವಾ? "ನೀರು ಯಾಕೆ ಬಂದಿಲ್ಲ ಅಂತ ಯಾರನ್ನಾದರೂ ಕೇಳಿದೆಯಾ?" ಅಂದೆ. "ನಮ್ಮನ್ನೆಲ್ಲ ಯಾರಣ್ಣ ಮಾತಾಡಿಸ್ತಾರೆ?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅವನನ್ನೂ ಬೈಕಿಗೆ ಹತ್ತಿಸಿಕೊಂಡೆ.

ಏರಿ ಹಿಡಿದು ಮೇಲಕ್ಕೆ ಹೋದೆವು. ಎರಡು ಕಿಲೋಮೀಟರ್ ದಾಟಿದ ಮೇಲೆ ನೀರು ಸಿಕ್ಕಿತು. ಒಂದು ತಿರುವಿನಲ್ಲಿ ಜೊಂಡು, ಹೂಳು, ಪ್ಲಾಸ್ಟಿಕ್ ಎಲ್ಲ ಸೇರಿ ಕಟ್ಟೆಯಂತೆ ನಿಂತಿದ್ದವು. ನಾಲೆಯ ನೀರು ಹಂಚುವ ನೀರುಗಂಟಿ ಸಿಕ್ಕಿದರು. ಮೇಲಿನವರು ರಾತ್ರಿ ತೂಬು ಎತ್ತಿಕೊಳ್ಳುತ್ತಾರೆ, ಉಳಿದ ನೀರು ಈ ಹೂಳು ದಾಟುವುದಿಲ್ಲ ಅಂದರು. ಎಂಜಿನಿಯರಿಗೆ ಫೋನ್ ಮಾಡಿದೆ. ಮೊದಲು "ಸಮಸ್ಯೆಯೇ ಇಲ್ಲ" ಅಂದರು. ನಾನು ಅಲ್ಲೇ ನಿಂತಿದ್ದೇನೆ ಸಾರ್ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಜನ ಕಳಿಸುತ್ತೇನೆ ಅಂದರು.

ಸಂಜೆ ಅದೊಂದೇ ಸುದ್ದಿ ಕಳಿಸಿದೆ. ಹಿಂದಿನ ದಿನದ ಸುದ್ದಿ ನಾಲೆಯ ಕೊನೆ ಭಾಗಕ್ಕೆ ಅನ್ವಯಿಸುವುದಿಲ್ಲ ಅಂತ ಮೊದಲ ಸಾಲಿನಲ್ಲೇ ಬರೆದೆ. ಉಳಿದ ಸುದ್ದಿ ಎಲ್ಲಿ ಅಂತ ಡೆಸ್ಕಿನಿಂದ ಫೋನ್ ಬಂತು. ಇವತ್ತು ಇಷ್ಟೇ ಅಂದೆ. ಫೋಟೋದ ಕೆಳಗೆ ಆ ಹುಡುಗನ ಹೆಸರು ಹಾಕಿಸಿದೆ.

ಐದನೇ ದಿನ ಬೆಳಿಗ್ಗೆ ಮತ್ತೆ ಗೌಡ್ರ ಫೋನ್.

"ರಾತ್ರಿ ನೀರು ಬಂತು ಸಾ. ಸುಮ್ನೆ ನಾನ್ ಹೇಳ್ದೆ ಅಂತ ಹಾಕ್ಬೇಡಿ. ಬಂದ್ ನೋಡ್ಕಂಡೇ ಹಾಕಿ."

ಹೋದೆ. ಕಿರುನಾಲೆಯಲ್ಲಿ ಮೊಣಕಾಲುದ್ದ ನೀರಿತ್ತು. ಗೌಡ್ರ ಮನೆಯವರು ಒಟ್ಲು ಕೀಳುತ್ತಿದ್ದರು.