ಗೆರೆಯಾಚೆ ಹೋಗದ ವಾಲ್ಟರ್ ಪೇಟನ್

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಹಿಡಿದು ಓಡುವವನಿಗೆ ಒಂದು ಸುಲಭದ ದಾರಿ ಇದೆ. ನೂರು ಕೆಜಿ ತೂಗುವ ಮೂವರು ಎದುರಿಗೆ ನುಗ್ಗಿ ಬರ್ತಾ ಇದ್ದಾರೆ ಅಂದ್ರೆ ಪಕ್ಕದ ಗೆರೆ ದಾಟಿ ಹೊರಗೆ ಹೋಗಿಬಿಡಬಹುದು. ಅಲ್ಲಿಗೆ ಆ ಸಲದ ಓಟ ಮುಗೀತು. ಪೆಟ್ಟಿಲ್ಲ, ಓಡಿದಷ್ಟು ದೂರ ಲೆಕ್ಕಕ್ಕೆ ಸಿಕ್ಕೇ ಸಿಗುತ್ತದೆ. ಬಹಳ ಜನ ಹಾಗೇ ಮಾಡುತ್ತಾರೆ, ನಿಯಮದ ಪ್ರಕಾರ ತಪ್ಪೂ ಅಲ್ಲ. ಶಿಕಾಗೋ ಬೇರ್ಸ್ ತಂಡದ ವಾಲ್ಟರ್ ಪೇಟನ್‌ಗೆ ಅದು ಒಗ್ಗುತ್ತಿರಲಿಲ್ಲ. ಗೆರೆ ಹತ್ತಿರ ಬಂದರೂ ಒಳಕ್ಕೇ ತಿರುಗುತ್ತಿದ್ದ. ಹಿಡಿಯಲು ಬಂದವನಿಗೆ ತಾನೇ ಮೊದಲು ಡಿಕ್ಕಿ ಹೊಡೆಯುತ್ತಿದ್ದ. ಸುಮ್ನೆ ಸಿಕ್ಕಿಬೀಳಬೇಡ, ಬೀಳೋದೇ ಆದ್ರೆ ಕಷ್ಟ ಕೊಟ್ಟು ಬೀಳು ಅಂತ ಕಾಲೇಜಿನ ಕೋಚ್ ಬಾಬ್ ಹಿಲ್ ಕಲಿಸಿದ್ದರು. ಅದನ್ನು 1975ರಿಂದ 1987ರವರೆಗೆ, 13 ಸೀಸನ್ ಪಾಲಿಸಿದ.

ನಾನು ಹುಬ್ಬಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸುತ್ತೇನೆ. ಒಂದು ಕಾಲಕ್ಕೆ ನಾನೂ ರೈಡರ್. ವಾಲ್ಟರ್‌ನನ್ನು ತೋರಿಸಿದ್ದು ನಮ್ಮಣ್ಣನ ಮಗ. ಅವನು ಶಿಕಾಗೋದಲ್ಲಿ ಕೆಲಸಕ್ಕಿದ್ದಾನೆ. ದೀಪಾವಳಿಗೆ ಬಂದಾಗ ಫೋನ್ ಮುಂದೆ ಹಿಡಿದು, "ಅತ್ತಿ, ಇಂವ ಓಡೂದ್ ನೋಡಿಲ್ಲೆ. ನಿಮ್ಮ ಆಟಕ್ಕ ಬಂದಿದ್ರ ಯಾರ ಕೈಗೂ ಸಿಗ್ತಿದ್ದಿಲ್ಲ" ಅಂದ. 1977ರ ಒಂದು ಓಟ, ಕ್ಯಾನ್ಸಸ್ ಸಿಟಿ ತಂಡದ ಮೇಲಿನದು. ಒಬ್ಬ ಸೊಂಟಕ್ಕೆ ಕೈ ಹಾಕ್ತಾನೆ, ಜಾರ್ತಾನೆ. ಇನ್ನೊಬ್ಬ ಕಾಲಿಗೆ ಬೀಳ್ತಾನೆ, ಕಾಲು ಅಲ್ಲಿರೋದೇ ಇಲ್ಲ. ನಾನು ಕಾಲನ್ನೇ ನೋಡುತ್ತಾ ಕೂತೆ. ಅವನು ಮೊಣಕಾಲು ಜಾಸ್ತಿ ಮಡಿಸೋದಿಲ್ಲ. ತುದಿಗಾಲಲ್ಲಿ, ಸೊಂಟದಿಂದಲೇ ಕಾಲು ಬೀಸಿ ಓಡ್ತಾನೆ. ಹಿಡಿಯುವವನು ಹತ್ತಿರ ಬಂದಾಗ ಖಾಲಿ ಇರುವ ಕೈ ಮುಂದೆ ಬರುತ್ತೆ, ಎದೆಗೋ ಹೆಲ್ಮೆಟ್ಟಿಗೋ ಒತ್ತಿ ತಳ್ಳುತ್ತೆ. ವಿಡಿಯೋ ನಿಧಾನ ಮಾಡಿ ನೋಡಿದರೆ, ತಳ್ಳುವ ಆ ಹೊತ್ತಿನಲ್ಲೂ ಪಾದ ಮುಂದಿನ ಹೆಜ್ಜೆಗೆ ತಯಾರಾಗಿರುತ್ತದೆ. ನಮ್ಮ ಹುಡುಗಿಯರಿಗೆ ನಾನು ದಿನಾ ಹೇಳುವುದು ಇದನ್ನೇ: ಕೈ ಜಗಳ ಆಡಲಿ, ಕಾಲು ಮನೆ ಕಡೆ ಇರಲಿ.

ಅವನ ಕೆಲಸಕ್ಕೆ ರನ್ನಿಂಗ್ ಬ್ಯಾಕ್ ಅನ್ನುತ್ತಾರೆ. ಚೆಂಡು ಇರುವ ತಂಡ ನಾಲ್ಕು ಅವಕಾಶದೊಳಗೆ 10 ಗಜ ಮುಂದೆ ಹೋಗಬೇಕು, ಇಲ್ಲವೆಂದರೆ ಚೆಂಡು ಎದುರಿನವರಿಗೆ. ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್; ಅವನು ಒಂದೋ ಚೆಂಡನ್ನು ದೂರ ಎಸೆಯುತ್ತಾನೆ, ಇಲ್ಲ ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಒತ್ತಿ ಕೊಡುತ್ತಾನೆ. ಮುಂದೆ ಗುದ್ದಾಡುತ್ತಿರುವ ದಾಂಡಿಗರ ನಡುವೆ ಅರೆಕ್ಷಣ ಒಂದು ಸಂದು ಬಿಡುತ್ತದೆ. ಅದರಲ್ಲಿ ತೂರಿಕೊಳ್ಳಬೇಕು. ಗೆರೆಯೊಳಗೆ ಗೋಲಿನವರೆಗೆ ಹೋಗಿ ಮುಟ್ಟದಿದ್ದರೆ, ಕೊನೆಗೆ ಯಾರಾದರೂ ಕೆಡವಿಯೇ ಕೆಡವುತ್ತಾರೆ. ಅದಕ್ಕೇ ಈ ಜಾಗದಲ್ಲಿ ಆಡುವವರ ಮೊಣಕಾಲು ಬೇಗ ಕೈಕೊಡುತ್ತದೆ. ಮೂರು ನಾಲ್ಕು ವರ್ಷಕ್ಕೆ ಮನೆ ಸೇರುವವರೇ ಜಾಸ್ತಿ. ವಾಲ್ಟರ್ ತಪ್ಪಿಸಿದ್ದು ಒಂದೇ ಪಂದ್ಯ, ಅದೂ ಮೊದಲನೇ ವರ್ಷ.

3,838 ಸಲ ಚೆಂಡು ಹಿಡಿದು ಓಡಿ ಅವನು ಗಳಿಸಿದ್ದು 16,726 ಗಜ. ಕಿಲೋಮೀಟರಿಗೆ ತಿರುಗಿಸಿ ನೋಡಿದೆ: 15ಕ್ಕಿಂತ ಸ್ವಲ್ಪ ಜಾಸ್ತಿ. ಹುಬ್ಬಳ್ಳಿ ಹಳೇ ಬಸ್‌ಸ್ಟ್ಯಾಂಡಿನಿಂದ ಹೊರಟರೆ ಧಾರವಾಡ ಮುಟ್ಟುವುದಿಲ್ಲ, ನವಲೂರಿನ ಸುತ್ತಮುತ್ತ ಮುಗಿಯುತ್ತದೆ. ಚಿಗರಿ ಬಸ್ಸಿನಲ್ಲಿ ಕೂತು ಕಿಟಕಿ ನೋಡುತ್ತಾ ದಾಟುವ ದಾರಿ. ಅಷ್ಟಕ್ಕೆ ಒಬ್ಬ ಮನುಷ್ಯ ತನ್ನ ವಯಸ್ಸೆಲ್ಲ ಕೊಟ್ಟ. ಒಂದು ಓಟಕ್ಕೆ ಸರಾಸರಿ 4 ಮೀಟರ್. ಹೆಣ್ಣುಮಕ್ಕಳ ಕಬಡ್ಡಿ ಅಂಕಣದಲ್ಲಿ ನಡುಗೆರೆಯಿಂದ ಬೋನಸ್ ಗೆರೆಗೆ ಇರುವುದೂ ಅಷ್ಟೇ. ಆ 4 ಮೀಟರ್ ಎಷ್ಟು ದೂರ ಅನ್ನೋದು ರೈಡ್ ಮಾಡಿದವರಿಗೇ ಗೊತ್ತು.

ಹುಟ್ಟಿದ್ದು ಮಿಸ್ಸಿಸ್ಸಿಪ್ಪಿ ರಾಜ್ಯದ ಕೊಲಂಬಿಯಾ ಎಂಬ ಸಣ್ಣ ಊರಲ್ಲಿ. ಅಪ್ಪ ಪ್ಯಾರಾಚೂಟ್ ಕಾರ್ಖಾನೆಯ ಕೆಲಸಗಾರ. ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿ ಮಕ್ಕಳಿಗೆ ಬೇರೆ ಶಾಲೆ ಇದ್ದ ಕಾಲ ಅದು. ಊರಿನ ಹೈಸ್ಕೂಲು ಒಂದಾಗಿದ್ದು 1970ರಲ್ಲಿ. ಅಣ್ಣ ಎಡ್ಡಿ ಶಾಲೆಯ ತಂಡದಲ್ಲಿ ಆಡುತ್ತಿದ್ದರಿಂದ ತಮ್ಮ ಮೊದಲು ಬ್ಯಾಂಡಿನಲ್ಲಿ ಡ್ರಮ್ ಬಾರಿಸಿಕೊಂಡಿದ್ದ. ಆಮೇಲೆ ಮೈದಾನಕ್ಕಿಳಿದ. ಜಾಕ್ಸನ್ ಸ್ಟೇಟ್ ಕಾಲೇಜಿನಿಂದ 1975ರಲ್ಲಿ ಬೇರ್ಸ್ ತಂಡ ತೆಗೆದುಕೊಂಡಿತು. ಆ ವರ್ಷ ಎಲ್ಲ ತಂಡಗಳೂ ಸೇರಿ ಆರಿಸಿದ ಕಾಲೇಜು ಆಟಗಾರರಲ್ಲಿ ಅವನು ನಾಲ್ಕನೆಯವನು. ದೊಡ್ಡ ಗೌರವ ಅದು. ಆದರೆ ಮೊದಲ ಪಂದ್ಯದಲ್ಲಿ 8 ಸಲ ಓಡಿ ಗಳಿಸಿದ್ದು ಸೊನ್ನೆ ಗಜ.

ಈ ಸೊನ್ನೆಯನ್ನು ನಾನು ಬಹಳ ಮಕ್ಕಳಿಗೆ ಹೇಳಿದ್ದೇನೆ. ಜಿಲ್ಲಾ ಆಯ್ಕೆಯಲ್ಲಿ ಒಂದೂ ಪಾಯಿಂಟ್ ತರಲಾಗದೆ ಒಬ್ಬಳು ಮಣ್ಣು ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತು ವಾಲ್ಟರ್ ಕಥೆ ಹೇಳಿದೆ. ಅವಳು ಕಣ್ಣು ಒರೆಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ಮುಂದ ಏನಾತ್ರಿ ಮೇಡಂ?" ಆ ವರ್ಷದ ಕೊನೆಗೆ 679 ಗಜ, ಮುಂದಿನ ವರ್ಷ 1,390 ಅಂದೆ. "ಹೆಂಗ್ರಿ?" ಅಂದಳು. ಹೇಗೆ ಅನ್ನೋದಕ್ಕೆ ಉತ್ತರ ಮೈದಾನದಲ್ಲಿಲ್ಲ, ದಿಬ್ಬದಲ್ಲಿದೆ. ಊರಲ್ಲಿದ್ದಾಗ ಪರ್ಲ್ ನದಿ ದಂಡೆಯ ಮರಳಲ್ಲಿ ಓಡುತ್ತಿದ್ದ. ಶಿಕಾಗೋಗೆ ಬಂದಮೇಲೆ ಪಕ್ಕದ ಆರ್ಲಿಂಗ್ಟನ್ ಹೈಟ್ಸ್‌ನಲ್ಲಿ ಕಡಿದಾದ ಒಂದು ದಿಬ್ಬ ಹುಡುಕಿಕೊಂಡ. ಕಸ ಸುರಿದು ಎದ್ದಿದ್ದ ದಿಬ್ಬ ಅದು. ಅದನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಓಡುತ್ತಿದ್ದ. ಜೊತೆಗೆ ಬಂದ ಆಟಗಾರರು ಅವನ ಸಮಕ್ಕೆ ಓಡಲಾಗದೆ ಕೈಚೆಲ್ಲುತ್ತಿದ್ದರಂತೆ. ಅದನ್ನು ಓದಿದ ವಾರವೇ ನಮ್ಮ ಹುಡುಗಿಯರನ್ನು ಉಣಕಲ್ಲಿನ ನೃಪತುಂಗ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಬೆಳಗಿನ ವಾಕಿಂಗ್‌ಗೆ ಬಂದ ಹಿರಿಯರು ದಾರಿ ಬಿಟ್ಟು ಕೊಟ್ಟರು, ಒಬ್ಬರು "ಭೇಷ್ ಯವ್ವಾ" ಅಂತ ಚಪ್ಪಾಳೆಯನ್ನೂ ತಟ್ಟಿದರು. ಈಗಲೂ ಹೋಗುತ್ತೇವೆ.

1977ರ ನವೆಂಬರ್ 20ರಂದು ಮಿನೆಸೋಟಾ ವೈಕಿಂಗ್ಸ್ ಮೇಲೆ ಆಡುವಾಗ ವಾಲ್ಟರ್‌ಗೆ ಜ್ವರ. ಅದೇ ಮೈಯಲ್ಲಿ 40 ಸಲ ಓಡಿ 275 ಗಜ ಮಾಡಿದ, ಆಗಿನ ದಾಖಲೆ. ತಂಡ ಗೆದ್ದದ್ದು 10-7ರಿಂದ, ಅಂದ್ರೆ ಅವನಿಲ್ಲದಿದ್ದರೆ ಸೋಲೇ. 1984ರಲ್ಲಿ ಜಿಮ್ ಬ್ರೌನ್‌ನ 12,312 ಗಜದ ದಾಖಲೆ ದಾಟಿದ. 2002ರಲ್ಲಿ ಎಮ್ಮಿಟ್ ಸ್ಮಿತ್ ಬಂದು ದಾಟುವವರೆಗೆ ಎಲ್ಲರಿಗಿಂತ ಮೇಲೆ ಇದ್ದ ಹೆಸರು ಪೇಟನ್‌ದೇ.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಸೂಪರ್ ಬೌಲ್, ಅಂದ್ರೆ ಅಲ್ಲಿನ ಲೀಗಿನ ಫೈನಲ್ ವಿಷಯಕ್ಕೆ. 1986ರ ಜನವರಿ 26, ನ್ಯೂ ಆರ್ಲಿಯನ್ಸ್. ಬೇರ್ಸ್ 46-10ರಿಂದ ಗೆದ್ದಿತು. ವರ್ಷಗಟ್ಟಲೆ ಸೋಲುವ ತಂಡವನ್ನು ಬೆನ್ನ ಮೇಲೆ ಹೊತ್ತವನು ವಾಲ್ಟರ್. ಅಷ್ಟು ಅಂಕಗಳಲ್ಲಿ ಅವನದೊಂದು ಟಚ್‌ಡೌನ್ (ಚೆಂಡನ್ನು ಗೋಲಿನ ಗೆರೆ ದಾಟಿಸಿದ ಅಂಕ) ಇಲ್ಲ. ಗೋಲಿನ ಗೆರೆ ಒಂದು ಗಜ ಇದ್ದಾಗ ಚೆಂಡು ಕೊಟ್ಟಿದ್ದು ವಿಲಿಯಂ ಪೆರ್ರಿ ಎಂಬ ಭಾರೀ ಆಳಿಗೆ. ವಾಲ್ಟರ್‌ಗೆ ಕೊಡಬೇಕಿತ್ತು ಅಂತ ಕೋಚ್ ಮೈಕ್ ಡಿಟ್ಕಾ ಆಮೇಲೆ ತಾವೇ ನೊಂದುಕೊಂಡರು. ಕೋಚ್ ಆದವರು ಇಂಥದ್ದನ್ನು ಆ ಹೊತ್ತಿಗೇ ನೆನಪಿಡಬೇಕು. ಗೆಲುವು ಗಟ್ಟಿಯಾದ ಮೇಲೆ, ತಂಡಕ್ಕಾಗಿ ದುಡಿದವಳ ಕೈಗೆ ಕೊನೇ ರೈಡ್ ಕೊಡುವುದು ನಾನು ಪಾಲಿಸುವ ಪದ್ಧತಿ.

ಅವನ ಕೊನೇ ಪಂದ್ಯ 1988ರ ಜನವರಿ 10ರಂದು, ಶಿಕಾಗೋದಲ್ಲೇ, ವಾಷಿಂಗ್ಟನ್ ಮೇಲೆ. 21-17ರಿಂದ ಸೋಲು. ಆಟ ಮುಗಿದ ಮೇಲೂ ಬೆಂಚಿನ ಮೇಲೆ ತಲೆ ಹಿಡಿದುಕೊಂಡು ಬಹಳ ಹೊತ್ತು ಕೂತೇ ಇದ್ದ. ಆ ಫೋಟೋ ನೋಡಿದರೆ ಈಗಲೂ ಗಂಟಲು ಕಟ್ಟುತ್ತದೆ.

1999ರ ಫೆಬ್ರುವರಿಯಲ್ಲಿ ಪತ್ರಕರ್ತರ ಮುಂದೆ ಬಂದು ತನಗೆ ಲಿವರ್ ಕಾಯಿಲೆ ಅಂತ ಹೇಳಿದ. ಪಿತ್ತನಾಳಗಳು ಊದಿಕೊಂಡು, ಗಟ್ಟಿಯಾಗಿ, ಮುಚ್ಚಿಕೊಳ್ಳುವ ಅಪರೂಪದ ರೋಗ. ಬೇರೆ ಲಿವರ್ ಹಾಕಬೇಕಿತ್ತು. ಅಷ್ಟರಲ್ಲಿ ಪಿತ್ತನಾಳಕ್ಕೆ ಕ್ಯಾನ್ಸರ್ ಬಂದು ಆ ದಾರಿಯೂ ಮುಚ್ಚಿತು. ಆ ದಿನಗಳಲ್ಲೂ ಅಂಗದಾನ ಮಾಡಿ ಅಂತ ಜನರನ್ನು ಕೇಳಿಕೊಂಡ. ನವೆಂಬರ್ 1ರಂದು ತೀರಿಕೊಂಡ. ಸಮಾಜಕ್ಕಾಗಿ ದುಡಿಯುವ ಆಟಗಾರನಿಗೆ ಅಲ್ಲಿನ ಲೀಗ್ ಪ್ರತಿ ವರ್ಷ ಕೊಡುವ ಪ್ರಶಸ್ತಿಗೆ ಈಗ ಅವನದೇ ಹೆಸರು.

ನಮ್ಮ ರಾಜ್ಯದಲ್ಲಿ ಅಂಗದಾನಕ್ಕೆ ಜೀವಸಾರ್ಥಕತೆ ಅಂತ ಸರ್ಕಾರಿ ಸಂಸ್ಥೆ ಇದೆ. ನಾನು ಹೆಸರು ನೋಂದಾಯಿಸಿದ್ದೇನೆ. ಕಾರ್ಡು ಇದ್ದರೆ ಸಾಲದು, ಕೊನೆಗೆ ಒಪ್ಪಬೇಕಾದವರು ಮನೆಯವರು. ಅದಕ್ಕೇ ಅವ್ವನ ಮುಂದೆ ಕೂತು ಹೇಳಿದೆ. "ಸಂಜಿ ಹೊತ್ನ್ಯಾಗ ಇಂಥಾ ಮಾತ್ಯಾಕ?" ಅಂತ ಮೊದಲು ಸಿಟ್ಟಾದಳು. ಆಮೇಲೆ ಯಾರ ಕಥೆ, ಏನು ಕಾಯಿಲೆ, ಮಕ್ಕಳೆಷ್ಟು ಅಂತ ಎಲ್ಲ ಕೇಳಿಕೊಂಡಳು. ಕೊನೆಗೆ "ನಿಮ್ಮಣ್ಣಗೂ ಹೇಳಿಡು" ಅಂದಳು. ಹೇಳಿಟ್ಟಿದ್ದೇನೆ.