ಡೋರಾ ದೊಡ್ಡವಳಾದಾಗ

ನಾವಿರುವ ಅಮೆರಿಕದ ಆಸ್ಟಿನ್‌ನಲ್ಲಿ ನಮ್ಮ ಪಕ್ಕದ ಮನೆಯವರು ಮೆಕ್ಸಿಕೋದ ಮಾಂಟೆರ್ರೇ ಕಡೆಯವರು. ಕಳೆದ ತಿಂಗಳು ಅವರ ಕಿರಿಯ ಮೊಮ್ಮಗಳ ಹುಟ್ಟುಹಬ್ಬದ ದಿನ ಉಡುಗೊರೆಗಳನ್ನು ಬಿಚ್ಚುತ್ತಿದ್ದಾಗ ಒಂದು ಡಬ್ಬದಿಂದ ಉದ್ದ ಕಾಲಿನ, ತುಟಿಗೆ ಬಣ್ಣ ಹಚ್ಚಿದ, ಕೈಯಲ್ಲಿ ಪುಟ್ಟ ಪರ್ಸ್ ಹಿಡಿದ ಗೊಂಬೆಯೊಂದು ಹೊರಬಂತು. ಮಗು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇವಳು ಎಲ್ಲಿಗೆ ಹೋಗುತ್ತಾಳೆ?" ಎಂದು ಕೇಳಿತು. ಕೊಟ್ಟವರಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಅಜ್ಜಿ ನನ್ನ ಕಡೆ ತಿರುಗಿ, ಇವಳ ಅಕ್ಕ ಚಿಕ್ಕವಳಿದ್ದಾಗ ಕಾರ್ಟೂನಿನ ಡೋರಾಳನ್ನೂ ಹೀಗೆಯೇ ಮಾಡಲು ಹೊರಟಿದ್ದರಲ್ಲ, ನೆನಪಿದೆಯೇ ಎಂದರು. "ನಮ್ಮ ಹುಡುಗಿಯರ ಹಾಗೆ ಗುಂಡು ಹೊಟ್ಟೆಯ, ಕಂದು ಕಣ್ಣಿನ ಒಬ್ಬಳು ಟಿ.ವಿ.ಯಲ್ಲಿದ್ದಳು. ಅವಳ ಕಣ್ಣಿಗೂ ಬೇರೆ ಬಣ್ಣ ಬೇಕಾಯಿತೇ?"

ನೆನಪಿಲ್ಲದೆ ಏನು! 2009ರ ಮಾರ್ಚ್ ತಿಂಗಳು ಅದು. ನನ್ನ ಮಗಳು ಆಗ ಪ್ರತಿ ಬೆಳಿಗ್ಗೆ ಡೋರಾಳ ಮುಂದೆ ಕುಳಿತು ಹಾಲು ಕುಡಿಯುತ್ತಿದ್ದಳು. ಗೊಂಬೆ ತಯಾರಿಸುವ ಮ್ಯಾಟೆಲ್ ಮತ್ತು ಡೋರಾಳನ್ನು ಟಿ.ವಿ.ಗೆ ತಂದ ನಿಕಲೋಡಿಯನ್ ಕಂಪನಿಗಳು ಸೇರಿ, ಐದು ವರ್ಷ ದಾಟಿದ ಹುಡುಗಿಯರಿಗಾಗಿ ದೊಡ್ಡವಳಾದ ಡೋರಾಳ ಗೊಂಬೆಯನ್ನು ತರುವುದಾಗಿ ಪ್ರಕಟಿಸಿದವು. ಮೊದಲಿಗೆ ಹೊರಬಿಟ್ಟದ್ದು ಅವಳ ಕಪ್ಪು ನೆರಳಿನ ಚಿತ್ರ ಮಾತ್ರ: ನೀಳ ಕೂದಲು, ತೆಳ್ಳಗಿನ ಕಾಲು, ಗಿಡ್ಡ ಲಂಗದಂತೆ ಕಾಣುವ ಉಡುಪು. ಅಷ್ಟಕ್ಕೇ ತಂದೆತಾಯಂದಿರು ಸಿಡಿದೆದ್ದರು. ಹೆಣ್ಣುಮಕ್ಕಳ ಬೆಳವಣಿಗೆಯ ಕುರಿತು ಬರೆಯುತ್ತಿದ್ದ ಶರಾನ್ ಲ್ಯಾಂಬ್ ಮತ್ತು ಲಿನ್ ಮೈಕೆಲ್ ಬ್ರೌನ್ ಎಂಬಿಬ್ಬರು ಪ್ರಾಧ್ಯಾಪಕಿಯರು ಸಹಿ ಸಂಗ್ರಹಕ್ಕಿಳಿದರು. ಡೋರಾ ನಿಜವಾಗಿ ಬೆಳೆದಿದ್ದರೆ ನಕ್ಷೆ ಓದುವುದರಲ್ಲಿ ಇನ್ನಷ್ಟು ಪಳಗುತ್ತಿದ್ದಳೇ ಹೊರತು ಫ್ಯಾಷನ್ ಬೊಂಬೆಯಾಗುತ್ತಿರಲಿಲ್ಲ ಎಂಬುದು ಅವರ ವಾದದ ತಿರುಳು. ಕಂಪನಿಗಳು ಅವಸರದಿಂದ ಪೂರ್ತಿ ಚಿತ್ರವನ್ನು ತೋರಿಸಿ, ಅದು ಗಿಡ್ಡ ಲಂಗವಲ್ಲ, ಉದ್ದ ಮೇಲಂಗಿ ಮತ್ತು ಲೆಗ್ಗಿಂಗ್ಸ್ ಎಂದೂ, ಪುಟ್ಟ ಡೋರಾ ಎಲ್ಲಿಗೂ ಹೋಗುವುದಿಲ್ಲವೆಂದೂ ಸಮಜಾಯಿಷಿ ಕೊಟ್ಟವು.

ನೆರಳನ್ನು ಕಂಡು ಇಷ್ಟೊಂದು ಹುಯಿಲೆಬ್ಬಿಸಬೇಕಿತ್ತೇ ಎಂದು ಆಗ ಕೆಲವರು ಕೇಳಿದ್ದುಂಟು. ಎಬ್ಬಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. 2000ದ ಆಗಸ್ಟ್‌ನಲ್ಲಿ ಮೊದಲು ತೆರೆಗೆ ಬಂದ ಡೋರಾ ಏಳು ವರ್ಷದ ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಹುಡುಗಿ. ಬೆನ್ನಿಗೆ ನೇರಳೆ ಬಣ್ಣದ ಬ್ಯಾಗು, ಅದರ ಜೇಬಿನಲ್ಲಿ ಮಾತನಾಡುವ ನಕ್ಷೆ, ಜೊತೆಗೆ ಕೆಂಪು ಬೂಟು ತೊಟ್ಟ ಕೋತಿ, ದಾರಿಯಲ್ಲಿ ಕದಿಯಲು ಹೊಂಚುವ ನರಿ. ಗುಲಾಬಿ ಅಂಗಿಯ ಕೆಳಗೆ ಪುಟ್ಟ ಹೊಟ್ಟೆ ಇಣುಕುತ್ತಿದ್ದರೂ ಆ ಹೊಟ್ಟೆಯ ಪರಿವೆ ಅವಳಿಗಿರಲಿಲ್ಲ, ನೋಡುವ ಮಕ್ಕಳಿಗಂತೂ ಇರಲೇ ಇಲ್ಲ. ಸೇತುವೆ ದಾಟಬೇಕೋ ಬೆಟ್ಟ ಹತ್ತಬೇಕೋ ಎಂದು ಅವಳು ಪರದೆಯೊಳಗಿಂದ ಕೇಳಿ, ಕಣ್ಣು ಪಿಳಿಪಿಳಿ ಬಿಡುತ್ತಾ ಉತ್ತರಕ್ಕಾಗಿ ಕಾಯುತ್ತಿದ್ದಳು. ಆ ಮೌನದಲ್ಲಿ ನನ್ನ ಮಗಳು ಹಾಲಿನ ಲೋಟವನ್ನು ನೆಲಕ್ಕಿಟ್ಟು, ಎದ್ದು ನಿಂತು, ಬೆರಳು ತೋರಿಸಿ ಕೂಗಿ ಹೇಳುತ್ತಿದ್ದಳು. ಹೊಸ ಡೋರಾ ಕಾಡು ಬಿಟ್ಟು ದೊಡ್ಡ ನಗರಕ್ಕೆ ಬಂದಿದ್ದಳು. ಗೊಂಬೆಯನ್ನು ಕಂಪ್ಯೂಟರಿಗೆ ಜೋಡಿಸಿದರೆ ಅವಳ ಕೂದಲಿನ ಉದ್ದ, ಒಡವೆ, ಕಣ್ಣಿನ ಬಣ್ಣವನ್ನು ಬದಲಾಯಿಸಬಹುದಿತ್ತು. ಅವಳೂ ಅವಳ ಹೊಸ ಗೆಳತಿಯರ ಬಳಗವೂ ಸೇರಿ ಬಿಡಿಸಬೇಕಾದ ಗುಟ್ಟುಗಳೂ ಇದ್ದವೆಂಬುದು ನಿಜ; ಆದರೆ ಮಗುವಿನ ಕೈಗೆ ಮೊದಲು ಬರುವುದು ಸಿಂಗಾರದ ಕೆಲಸ.

ಕಂಪನಿಗಳ ಲೆಕ್ಕಾಚಾರ ಅರ್ಥವಾಗದ್ದೇನಲ್ಲ. ಐದಾರು ವರ್ಷಕ್ಕೆಲ್ಲ ಹುಡುಗಿಯರು ಡೋರಾಳನ್ನು ಮೂಲೆಗೆ ಎಸೆದು ಬ್ರಾಟ್ಜ್‌ನಂಥ ಫ್ಯಾಷನ್ ಗೊಂಬೆಗಳ ಕಡೆ ವಾಲುತ್ತಿದ್ದರು, ಅವರನ್ನು ಹಿಡಿದಿಟ್ಟುಕೊಳ್ಳಬೇಕಿತ್ತು. ಇಷ್ಟು ಚಿಕ್ಕ ವಯಸ್ಸಿನಲ್ಲಿ ಹುಡುಗಿಯರನ್ನು ಅಂದಚೆಂದದ ತೂಕಕ್ಕೆ ಒಡ್ಡುವುದರಿಂದ ಅವರ ಮನಸ್ಸಿಗೂ ಓದಿಗೂ ಆಗುವ ಹಾನಿಯ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2007ರಲ್ಲೇ ದೊಡ್ಡ ವರದಿಯೊಂದನ್ನು ಪ್ರಕಟಿಸಿತ್ತು. ಅದರ ಬಿಸಿ ಆರುವ ಮೊದಲೇ ಈ ಗೊಂಬೆ ಬಂದದ್ದರಿಂದ ಸಿಟ್ಟು ಅಷ್ಟು ಬೇಗ ಹೊತ್ತಿಕೊಂಡಿತೆಂದು ನನಗನ್ನಿಸುತ್ತದೆ. ಹುಡುಗಿ ದೊಡ್ಡವಳಾದಳೆಂದರೆ ಅವಳು ಹೋಗುವುದು ನಿಲ್ಲಬೇಕು, ಇನ್ನು ಮೇಲೆ ಜನ ಅವಳನ್ನು ನೋಡಬೇಕು ಎಂಬ ಕಟ್ಟಳೆಯನ್ನು ಆಟಿಕೆಯ ಡಬ್ಬದಲ್ಲಿಟ್ಟು ಮಾರಿದರೆ ತಾಯಂದಿರು ಸುಮ್ಮನಿರಬೇಕೇ?

ಆ ಕಟ್ಟಳೆ ನನಗೆ ಹೊಸದಾಗಿರಲಿಲ್ಲ. ಅರಸೀಕೆರೆ ಹತ್ತಿರದ ನಮ್ಮೂರಿನಲ್ಲಿ ಸಂಜೆಯಾದರೆ ಅಣ್ಣನ ಜೊತೆ ಕೆರೆ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬರುವ ಕೆಲಸ ನನ್ನದಾಗಿತ್ತು. ಏರಿಯ ಕಲ್ಲುಗಳಲ್ಲಿ ಯಾವುದು ಅಲ್ಲಾಡುತ್ತದೆ, ತೂಬಿನ ಹತ್ತಿರ ಯಾವ ಕಡೆ ಕೆಸರು ಎಂಬುದೆಲ್ಲ ನನ್ನ ಕಾಲಿಗೆ ಗೊತ್ತಿತ್ತು. ನಾನು ಐದನೆಯ ತರಗತಿಗೆ ಬಂದ ವರ್ಷ ಸೋದರತ್ತೆ ಒಂದು ದಿನ ಅಮ್ಮನಿಗೆ, "ಇವಳನ್ನು ಇನ್ನು ಏರಿ ಮೇಲೆ ಕಳಿಸಬೇಡ ಕಣೇ, ನೋಡೋರ ಕಣ್ಣು ಒಂದೇ ಥರ ಇರಲ್ಲ" ಎಂದರು. ಅಮ್ಮ ಎದುರಾಡಲಿಲ್ಲ. ಮಾರನೆಯ ಸಂಜೆ ಅಣ್ಣ ಒಬ್ಬನೇ ಹೋದ. ಅತ್ತೆಯದು ಕೆಟ್ಟ ಮನಸ್ಸಲ್ಲ. ಹೆದರಿಕೆ ನಿಜವಾದದ್ದೇ ಆಗಿತ್ತು. ಆದರೂ ಯಾರ ಕಣ್ಣು ಸರಿಯಿಲ್ಲವೋ ಅವರಿಗೆ ಹೇಳಬೇಕಾದದ್ದನ್ನು ನನಗೆ ಹೇಳಿದರೆಂಬ ನೋವು ಈಗಲೂ ಇದೆ.

ಈಗ ಊರಿನಲ್ಲಿ ಕಾಲ ಬದಲಾಗಿದೆ, ಹುಡುಗಿಯರನ್ನು ಯಾರೂ ಹಾಗೆ ಕಟ್ಟಿಹಾಕುವುದಿಲ್ಲ ಎಂದು ತಂಗಿ ಫೋನಿನಲ್ಲಿ ಹೇಳುತ್ತಿರುತ್ತಾಳೆ. ಚಿಂಟು ಟಿ.ವಿ.ಯಲ್ಲಿ ಡೋರಾ ಮತ್ತು ಅವಳ ಕೋತಿ ಬುಜ್ಜಿ ಕನ್ನಡದಲ್ಲಿ ಮಾತನಾಡುವುದನ್ನು ನೋಡುತ್ತಾ ನಮ್ಮ ಕಡೆಯ ಒಂದು ತಲೆಮಾರಿನ ಮಕ್ಕಳು ಬೆಳೆದದ್ದೂ ಹೌದು. ಆದರೆ ಅವಳೇ ಕಳಿಸುವ ವಿಡಿಯೋಗಳು ಬೇರೆಯದನ್ನು ತೋರಿಸುತ್ತವೆ. ಅವಳ ಮಗಳು ಎಲ್.ಕೆ.ಜಿ.ಯಲ್ಲಿದ್ದಾಗ ವೇಷಭೂಷಣ ಸ್ಪರ್ಧೆಯಲ್ಲಿ ಒನಕೆ ಓಬವ್ವನಾಗಿದ್ದಳು. ಕಚ್ಚೆ ಹಾಕಿ ಉಡಿಸಿದ ಸೀರೆ, ರಟ್ಟಿಗೆ ಕಂದು ಬಣ್ಣ ಬಳಿದು ಮಾಡಿದ ಒನಕೆ. ಮಾತು ಮರೆತಾಗ ವೇದಿಕೆಯ ಮೇಲೆಯೇ ಒನಕೆಯಿಂದ ನೆಲ ಕುಟ್ಟಿ, ಉಳಿದದ್ದನ್ನು ಕೂಗಿ ಮುಗಿಸಿದ್ದಳು. ಈ ವರ್ಷ ಅವಳು ನಾಲ್ಕನೆಯ ತರಗತಿ. ಶಾಲಾ ವಾರ್ಷಿಕೋತ್ಸವದಲ್ಲಿ ದೊಡ್ಡವರ ಸಿನಿಮಾ ಹಾಡೊಂದಕ್ಕೆ, ತುಟಿಗೆ ಕೆಂಪು ಬಳಿದುಕೊಂಡು, ಹೊಟ್ಟೆಯನ್ನು ಒಳಗೆಳೆದುಕೊಂಡು ಸೊಂಟ ಕುಣಿಸುತ್ತಿದ್ದಳು. ಕೆಳಗೆ ಕುಳಿತ ನಮ್ಮವರೆಲ್ಲ ಶಿಳ್ಳೆ ಹೊಡೆಯುತ್ತಿದ್ದರು. ಓಬವ್ವನಿಂದ ಆ ಹಾಡಿನವರೆಗೆ ಕಳೆದದ್ದು ಐದೇ ತರಗತಿ. ಟಿ.ವಿ. ವಾಹಿನಿಗಳ ನೃತ್ಯ ಸ್ಪರ್ಧೆಗಳಲ್ಲಿ ಮಕ್ಕಳಿಂದ ವಯಸ್ಸಿಗೆ ಮೀರಿದ ಹಾವಭಾವ ಮಾಡಿಸುವುದರ ವಿರುದ್ಧ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2019ರ ಜೂನ್‌ನಲ್ಲಿ ಸಲಹಾ ಸೂಚನೆ ಹೊರಡಿಸಬೇಕಾಯಿತು. ಇಲ್ಲಿ ಬಣ್ಣದಲ್ಲಿ ಬರೆದ ಹುಡುಗಿಯೊಬ್ಬಳಿಗಾಗಿ ಅಪ್ಪ ಅಮ್ಮಂದಿರು ಬೀದಿಗೆ ಬಂದಷ್ಟು ಮಾತನಾಡಿದರು. ಅಲ್ಲಿ ನಮ್ಮದೇ ಮಡಿಲಿನ ಮಕ್ಕಳಿಗೆ ಸರ್ಕಾರ ಹೇಳುವವರೆಗೂ ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಅಮೆರಿಕದವರ ಕೂಗಿನಿಂದ ಎಲ್ಲವೂ ಸರಿಹೋಯಿತೆಂದಲ್ಲ. ಆ ಗೊಂಬೆ 2009ರಲ್ಲೇ ಅಂಗಡಿಗೆ ಬಂತು. 2014ರಲ್ಲಿ ಹತ್ತು ವರ್ಷದ, ನಗರವಾಸಿ ಡೋರಾಳ ಧಾರಾವಾಹಿಯೂ ಬಂತು. ನಡುವೆ 2013ರಲ್ಲಿ ಡಿಸ್ನಿಯವರು ‘ಬ್ರೇವ್’ ಸಿನಿಮಾದ ಬಿಲ್ಲು ಹಿಡಿಯುವ ರಾಜಕುಮಾರಿ ಮೆರಿಡಾಳ ಸೊಂಟ ಸಣ್ಣಗೆ ಮಾಡಿ ಚಿತ್ರ ಬಿಡಿಸಿದಾಗ, ಆ ಪಾತ್ರವನ್ನು ಸೃಷ್ಟಿಸಿದ ಬ್ರೆಂಡಾ ಚಾಪ್ಮನ್ ಅವರೇ ಬಹಿರಂಗವಾಗಿ ಖಂಡಿಸಿದರು, ಎರಡು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಆದರೆ 2024ರಲ್ಲಿ ಹೊಸದಾಗಿ ಬಂದ ಡೋರಾ ಮತ್ತೆ ಪುಟ್ಟ ಹುಡುಗಿ, ಮತ್ತೆ ಕಾಡಿನ ದಾರಿ, ಮತ್ತೆ ಬ್ಯಾಗು ಮತ್ತು ನಕ್ಷೆ. ಇದರಲ್ಲಿ ತಂದೆತಾಯಂದಿರ ಪಾಲು ಎಷ್ಟೆಂದು ಅಳೆಯಲಾಗದಿದ್ದರೂ, ಬಾಯಿಬಿಟ್ಟು ಹೇಳಿದ ಮಾತು ಕಂಪನಿಗಳ ಕಿವಿಗೆ ಬೀಳುತ್ತದೆಂಬುದನ್ನು ನಾನು ಇಲ್ಲಿದ್ದು ಕಂಡಿದ್ದೇನೆ.

ಇದನ್ನೆಲ್ಲ ತಂಗಿಗೆ ಹೇಳಿದಾಗ ಅವಳಿಗೆ ಮೊದಲು ಬೇಸರವಾಯಿತು. "ಅಕ್ಕ, ಹಾಡು ಆರಿಸೋದು ಟೀಚರು. ನಾನೊಬ್ಬಳೇ ಬೇಡ ಅಂದರೆ ಮಗು ಕೊನೇ ಸಾಲಿಗೆ ಹೋಗುತ್ತೆ" ಎಂದಳು. ಅದು ಸುಳ್ಳಲ್ಲ, ಒಬ್ಬಳೇ ಹೇಳುವುದು ಕಷ್ಟ. ಹಾಗಾಗಿ ಅದೇ ತರಗತಿಯ ಇನ್ನಿಬ್ಬರು ತಾಯಂದಿರ ಜೊತೆ ಸೇರಿ ಪತ್ರ ಬರೆದು, ಮುಂದಿನ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರ ಕೈಗೆ ಕೊಡುವುದೆಂದು ತೀರ್ಮಾನವಾಗಿದೆ. ಕರಡನ್ನು ಅವಳು ನಿನ್ನೆ ಕಳಿಸಿದ್ದಾಳೆ. ಹಾಡುಗಳ ಪಟ್ಟಿಯನ್ನು ಎರಡು ತಿಂಗಳು ಮೊದಲೇ ಪೋಷಕರಿಗೆ ತೋರಿಸಬೇಕೆಂಬ ಒಂದು ಸಾಲನ್ನು ಸೇರಿಸಿ ಹಿಂದಕ್ಕೆ ಕಳಿಸಿದ್ದೇನೆ.