ಅದು ಉರಿಯುತ್ತಾ?

ಮನೆಗೆ ಬಂದವರ ಕಣ್ಣು ಕಪಾಟಿನ ಮೇಲಿರುವ ಹಳೇ ದೀಪಗಳ ಕಡೆ ಹೋಯಿತೆಂದರೆ ಮುಂದಿನ ಮಾತು ನನಗೆ ಗೊತ್ತು. "ಇವೆಲ್ಲ ಉರಿಯುತ್ತವಾ?" ಅಟ್ಟ ಗುಡಿಸುವಾಗ ಪೆಟ್ರೋಮ್ಯಾಕ್ಸ್ ಸಿಕ್ಕಿದವರೂ ಫೋಟೋ ಕಳಿಸಿ ಇದನ್ನೇ ಕೇಳುತ್ತಾರೆ. ನನ್ನ ಉತ್ತರ ಇಷ್ಟೆ: ಬಹುಪಾಲು ಉರಿಯುತ್ತವೆ. ಆದರೆ ಆ ಪ್ರಶ್ನೆ ಆಮೇಲೆ. ಮೊದಲು ಹೇಳಿ, ಗಾಳಿ ನಿಲ್ಲುತ್ತಾ?

ಇದನ್ನು ಕೇಳಿ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ದೀಪಕ್ಕೂ ಗಾಳಿಗೂ ಏನು ಸಂಬಂಧ, ಗಾಳಿ ಬಂದರೆ ದೀಪ ಆರುತ್ತದೆ ಅಲ್ವಾ ಅಂತ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳಬೇಕು.

ಬತ್ತಿ ದೀಪದಲ್ಲಿ ಬತ್ತಿ ತಾನೇ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಪೆಟ್ರೋಮ್ಯಾಕ್ಸ್‌ನಲ್ಲಿ ಬತ್ತಿಯೇ ಇಲ್ಲ. ಕೆಳಗಿನ ಟ್ಯಾಂಕಿನಲ್ಲಿ ಸೀಮೆಎಣ್ಣೆ ಇರುತ್ತದೆ. ಅದರ ಮೇಲೆ ನಾವು ಪಂಪ್ ಹೊಡೆದು ತುಂಬಿದ ಗಾಳಿ. ಆ ಗಾಳಿ ಎಣ್ಣೆಯನ್ನು ಅದುಮಿ ಒಂದು ಸಣ್ಣ ಕೊಳವೆಯಲ್ಲಿ ಮೇಲಕ್ಕೆ ಹತ್ತಿಸುತ್ತದೆ. ಕೊಳವೆ ಕಾದಿರುವುದರಿಂದ ಎಣ್ಣೆ ಆವಿಯಾಗುತ್ತದೆ. ಕೂದಲಿನಷ್ಟು ಸಣ್ಣ ನಿಪ್ಪಲ್ ತೂತಿನಿಂದ ಆವಿ ಚಿಮ್ಮಿ, ಸುತ್ತಲ ಗಾಳಿಯನ್ನೂ ಎಳೆದುಕೊಂಡು, ಬಲೆಯಂಥ ಪುಟ್ಟ ಚೀಲವಾದ ಮ್ಯಾಂಟಲ್‌ಗೆ ಇಳಿದು ಉರಿಯುತ್ತದೆ. ಉರಿಯುವ ಮ್ಯಾಂಟಲ್ ಮತ್ತೆ ಕೊಳವೆಯನ್ನು ಕಾಯಿಸುತ್ತದೆ. ಒಂದು ಸಲ ಶುರುವಾದರೆ ತನ್ನನ್ನು ತಾನೇ ನಡೆಸಿಕೊಂಡು ಹೋಗುತ್ತದೆ. ಒಂದು ಲೀಟರ್ ಹಿಡಿಸುವ 500 ಕ್ಯಾಂಡಲ್‌ಪವರ್ ದೀಪ ಸುಮಾರು 8 ಗಂಟೆ ಉರಿಯುತ್ತದೆ, ನಡುನಡುವೆ ನಾಲ್ಕು ಪಂಪ್ ಹೊಡೆಯುತ್ತಿದ್ದರೆ. ಗಾಳಿ ನಿಲ್ಲದ ಟ್ಯಾಂಕಿನಲ್ಲಿ ಇದ್ಯಾವುದೂ ಶುರುವಾಗುವುದೇ ಇಲ್ಲ.

ಅಂದ ಹಾಗೆ, ಯಾವ ಕಂಪನಿಯದಾದರೂ ನಮ್ಮ ಬಾಯಲ್ಲಿ ಅದು ಪೆಟ್ರೋಮ್ಯಾಕ್ಸೇ. ನಿಜಕ್ಕೂ ಅದು ಬರ್ಲಿನ್‌ನ ಎರಿಶ್ ಅಂಡ್ ಗ್ರೇಟ್ಸ್ ಕಂಪನಿಯ ದೀಪದ ಹೆಸರು. ಪೆಟ್ರೋಲಿಯಂನ ಮುಂಭಾಗಕ್ಕೆ ಮ್ಯಾಕ್ಸ್ ಗ್ರೇಟ್ಸ್ ಅವರ ಹೆಸರನ್ನು ಅಂಟಿಸಿದ್ದು. ಹಾಗಾಗಿ ಫೋಟೋ ಕಳಿಸುವವರಿಗೆ ನಾನು ಟ್ಯಾಂಕಿನ ಮೇಲೆ, ತಳದಲ್ಲಿ ಏನು ಕೆತ್ತಿದೆ ಓದಿ ಅನ್ನುತ್ತೇನೆ. ಅಮೆರಿಕದ ಕೋಲ್‌ಮನ್ ದೀಪಗಳ ತಳದಲ್ಲಿ ಎಷ್ಟೋ ಸಲ ತಿಂಗಳು, ವರ್ಷ ಎರಡೂ ಇರುತ್ತವೆ. 6 ಮತ್ತು 62 ಅಂತಿದ್ದರೆ 1962ರ ಜೂನ್. ಇದು ಬರೀ ಕುತೂಹಲಕ್ಕಲ್ಲ. ಕೋಲ್‌ಮನ್‌ಗಳಲ್ಲಿ ಹೆಚ್ಚಿನವು ಪೆಟ್ರೋಲಿನಂಥ ತೆಳು ಇಂಧನದವು. ಪೆಟ್ರೋಮ್ಯಾಕ್ಸ್, ಇಂಗ್ಲೆಂಡಿನ ಟಿಲ್ಲಿ ಸಾಮಾನ್ಯವಾಗಿ ಸೀಮೆಎಣ್ಣೆಯವು. ಸೀಮೆಎಣ್ಣೆ ದೀಪಕ್ಕೆ ಪೆಟ್ರೋಲ್ ಹಾಕುವುದೆಂದರೆ ಬಾಂಬಿಗೆ ಪಂಪ್ ಹೊಡೆದ ಹಾಗೆ. ಸೀಮೆಎಣ್ಣೆಯ ಆವಿಗೆ ಕಿಡಿ ತಗುಲಿ ಹೊತ್ತಬೇಕಾದರೆ ಎಣ್ಣೆ ಸುಮಾರು 38 ಡಿಗ್ರಿಗಿಂತ ಜಾಸ್ತಿ ಬಿಸಿಯಾಗಿರಬೇಕು. ಪೆಟ್ರೋಲಿಗೆ ಹಿಮದ ಚಳಿಯಲ್ಲೂ ಒಂದು ಕಿಡಿ ಸಾಕು.

ಸರಿ, ಗಾಳಿಗೆ ಬರೋಣ. 50 ವರ್ಷ ಅಟ್ಟದಲ್ಲಿ ಬಿದ್ದ ದೀಪದಲ್ಲಿ ಹಾಳಾಗಿರುವುದು ಏನು? ಹಿತ್ತಾಳೆಯಂತೂ ಅಲ್ಲ, ಸಾಮಾನ್ಯವಾಗಿ. ಹಾಳಾಗುವುದು ಮೆತ್ತಗಿನ ಭಾಗಗಳು. ಪಂಪಿನ ಚರ್ಮದ ವಾಷರ್, ಮುಚ್ಚಳದ ರಬ್ಬರು, ಪಂಪಿನ ತಳದ ವಾಲ್ವ್‌ನೊಳಗಿನ ಪುಟ್ಟ ರಬ್ಬರ್ ತುಂಡು. ಇವೆಲ್ಲ ಸೇರಿಸಿದರೂ ಒಂದು ಮುಷ್ಟಿ ತುಂಬುವುದಿಲ್ಲ.

ನಾನು ಶುರು ಮಾಡಿದ ಕಾಲದಲ್ಲಿ ಒಬ್ಬರು "ಸತ್ತುಹೋಗಿದೆ, ಷೋಕೇಸಿಗೆ ಇಟ್ಕೊಳ್ಳಿ" ಎಂದು ಒಂದು ದೀಪ ಕೊಟ್ಟರು. ಪಂಪ್ ಹೊಡೆದರೆ ಕಡ್ಡಿ ಆರಾಮಾಗಿ ಕೆಳಗೆ ಹೋಗುತ್ತಿತ್ತು, ಮೇಲೆ ಬರುತ್ತಿತ್ತು, ಒತ್ತಡವೇ ಇಲ್ಲ. ಪಂಪ್ ಬಿಚ್ಚಿದೆ. ಚರ್ಮದ ವಾಷರ್ ಒಣಗಿ ಹಪ್ಪಳದ ಹಾಗಾಗಿತ್ತು. ರಾತ್ರಿಯಿಡೀ ಮಷೀನ್ ಎಣ್ಣೆಯಲ್ಲಿ ನೆನೆಸಿಟ್ಟು, ಬೆಳಿಗ್ಗೆ ಅದರ ಅಂಚನ್ನು ಬೆರಳಿನಿಂದ ಹೂವಿನ ಹಾಗೆ ಅರಳಿಸಿ ಹಾಕಿದೆ. ಮೂರನೇ ಹೊಡೆತಕ್ಕೆ ಕೈಗೆ ಎದುರೊತ್ತು ಸಿಕ್ಕಿತು. ಸತ್ತಿದ್ದು ದೀಪವಲ್ಲ, ಒಂದು ಕಾಸಗಲದ ಚರ್ಮ. ಈ ಹುಚ್ಚು ಹಿಡಿದಿದ್ದು ಅವತ್ತೇ ಅಂತ ಕಾಣುತ್ತದೆ.

ಗಾಳಿ ಪರೀಕ್ಷೆಗೆ ಎಣ್ಣೆ ಬೇಡ. ಹಳೇ ಎಣ್ಣೆ ಇದ್ದರೆ ಅದನ್ನೂ ಚೆಲ್ಲಿ ತೊಳೆಯಿರಿ, ಅದು ಅಂಟಂಟಾಗಿ ವಾರ್ನಿಶ್ ವಾಸನೆ ಬರುತ್ತಿರುತ್ತದೆ. ಖಾಲಿ ಟ್ಯಾಂಕಿಗೆ ಗಾಳಿ ತುಂಬಿ, ಬಕೆಟ್ ನೀರಿನಲ್ಲಿ ಮುಳುಗಿಸಿ. ಸೈಕಲ್ ಟ್ಯೂಬಿಗೆ ಪಂಕ್ಚರ್ ಹುಡುಕುವ ಹಾಗೆಯೇ. ಮುಚ್ಚಳದ ಹತ್ತಿರ ಗುಳ್ಳೆ ಬಂದರೆ ವಾಷರ್ ಬದಲಿಸಿದರೆ ಮುಗಿಯಿತು. ಒತ್ತಡ ತೋರಿಸುವ ಮೀಟರಿನ ಬುಡದಲ್ಲಿ ಬಂದರೂ ಅಷ್ಟೇ. ತಿರುಗಿಸುವ ಗುಬ್ಬಿಯ ಪಕ್ಕ ಬಂದರೆ ಒಳಗಿನ ಪ್ಯಾಕಿಂಗ್ ಸವೆದಿದೆ, ನಟ್ಟನ್ನು ಒಂದು ಕೂದಲು ಬಿಗಿ ಮಾಡಿ ನೋಡಿ.

ಪಂಪಿನ ಕಡ್ಡಿ ತಾನೇ ಮೇಲೆದ್ದು ಬಂದರೆ ಮಾತ್ರ ಉಸಿರು ಬಿಗಿಹಿಡಿಯಿರಿ. ಅಂದರೆ ಪಂಪಿನ ತಳದ ವಾಲ್ವ್ ಹೋಗಿದೆ. ಗಾಳಿಯನ್ನು ಒಳಗೆ ಬಿಟ್ಟು ಹೊರಗೆ ಬಿಡದಿರುವುದು ಅದರ ಕೆಲಸ. ಅದು ಕೂತಿರುವುದು ಪಂಪ್ ಕೊಳವೆಯ ಅಡಿಯಲ್ಲಿ, ಬಾವಿಯ ತಳದಲ್ಲಿ ಬಿದ್ದ ಕೊಡದ ಹಾಗೆ. ಅದಕ್ಕೆ ಸರಿಹೊಂದುವ ಉದ್ದನೆಯ ಸ್ಕ್ರೂಡ್ರೈವರ್ ಬೇಕು. ದಶಕಗಳ ಕಿಲುಬು ಅದನ್ನು ಕಚ್ಚಿ ಹಿಡಿದಿರುತ್ತದೆ. ಅವಸರ ಮಾಡಿದರೆ ಸ್ಕ್ರೂಡ್ರೈವರ್ ಕೂರುವ ಗೀರು ಹರಿಯುತ್ತದೆ, ಇನ್ನೂ ಜೋರು ಮಾಡಿದರೆ ಕೊಳವೆಯೇ ತಿರುಚಿಕೊಳ್ಳುತ್ತದೆ. ನಾನು ಹೀಗೆ ಎರಡು ಟ್ಯಾಂಕ್ ಹಾಳು ಮಾಡಿದ್ದೇನೆ. ಈಗ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ವಾರಗಟ್ಟಲೆ ಮರೆತುಬಿಡುತ್ತೇನೆ. ದಿನಾ ಒಂದು ಸಲ ಮೆಲ್ಲಗೆ ಒತ್ತಿ ನೋಡುವುದು, ಬರದಿದ್ದರೆ ವಾಪಸ್ ಇಡುವುದು. ಒಂದು ವಾಲ್ವ್ ಬರಲು ಆರು ವಾರ ತೆಗೆದುಕೊಂಡಿತು. ಬಂದಾಗ "ಟಕ್" ಅಂತ ಆದ ಸದ್ದಿಗೆ ಪಕ್ಕದ ಕೋಣೆಯಿಂದ "ಏನು ಮುರಿದೆ?" ಅಂತ ಕೂಗು ಬಂತು.

ಗಾಳಿ ನಿಂತರೆ, ಹಾಂ, ಈಗ ಉರಿಯುತ್ತಾ ಅಂತ ಕೇಳಬಹುದು. ಇಲ್ಲಿ ಒಂದು ಒಗಟಿದೆ. ಆವಿ ಆಗಬೇಕಾದರೆ ಕೊಳವೆ ಬಿಸಿ ಇರಬೇಕು, ಕೊಳವೆ ಬಿಸಿಯಾಗಬೇಕಾದರೆ ದೀಪ ಉರಿಯುತ್ತಿರಬೇಕು. ಹಾಗಾದರೆ ಮೊದಲ ಬಿಸಿ ಎಲ್ಲಿಂದ? ನಾನು ಬೇರೆ ಬೇರೆ ಕಂಪನಿಯ ದೀಪ ಕೂಡಿಸುವುದಕ್ಕೆ ಅಸಲಿ ಕಾರಣ ಇದು. ಒಂದೇ ಒಗಟನ್ನು ಒಬ್ಬೊಬ್ಬರು ಒಂದೊಂದು ಥರ ಬಿಡಿಸಿದ್ದಾರೆ. ಹಳೆಯ ದಾರಿ, ಕೊಳವೆಯ ಸುತ್ತ ಪುಟ್ಟ ಬಟ್ಟಲಿಟ್ಟು ಸ್ಪಿರಿಟ್ ಉರಿಸುವುದು. ಟಿಲ್ಲಿಯವರು ಸ್ಪಿರಿಟ್‌ನಲ್ಲಿ ಅದ್ದಿದ ಕ್ಲಿಪ್ಪನ್ನು ಕೊಳವೆಗೇ ಕಚ್ಚಿಸಿದರು. ಪೆಟ್ರೋಮ್ಯಾಕ್ಸ್‌ನವರು ದೀಪದೊಳಗೇ ಒಂದು ಸಣ್ಣ ಬೆಂಕಿ ಕೊಳವೆ ಇಟ್ಟರು. ಅದು ಟ್ಯಾಂಕಿನ ಗಾಳಿಯಿಂದಲೇ ಭುಸ್ ಅಂತ ನಾಲಿಗೆ ಚಾಚುತ್ತದೆ. ನೋಡಲು ಬಲು ಸೊಗಸು. ಆದರೆ ಮುದ್ದಾದ ಸ್ಪಿರಿಟ್ ಬಟ್ಟಲೇ ನನಗಿಷ್ಟ. ಸದ್ದಿಲ್ಲ, ಮಸಿ ಇಲ್ಲ.

ಸರಿಯಾಗಿ ಕಾಯಿಸದೆ ಅವಸರ ಮಾಡಿದರೆ ಆವಿಯ ಬದಲು ಹಸಿ ಎಣ್ಣೆಯೇ ಚಿಮ್ಮುತ್ತದೆ. ಹಳದಿ ಜ್ವಾಲೆ ದೀಪದ ತಲೆಯವರೆಗೂ ಏಳುತ್ತದೆ. ಮೊದಲ ಸಲ ನೋಡಿದಾಗ ನಾನು ಊದಲು ಹೋಗಿದ್ದೆ, ಹುಬ್ಬಿನ ಕೂದಲು ಹೋಯಿತು. ಮಾಡಬೇಕಾದ್ದು ಒಂದೇ. ಮುಚ್ಚಳದ ಮೇಲಿನ ಪುಟ್ಟ ತಿರುಪು ಸಡಿಲಿಸಿ ಗಾಳಿ ಬಿಡುವುದು. ಗಾಳಿ ಹೋದರೆ ಎಣ್ಣೆ ಹತ್ತುವುದಿಲ್ಲ, ಬೆಂಕಿ ತಾನೇ ಕುಗ್ಗುತ್ತದೆ. ಪೆಟ್ರೋಮ್ಯಾಕ್ಸನ್ನು ದಿನನಿತ್ಯ ಆರಿಸುವುದೂ ಹೀಗೆಯೇ. ಹೊಸಬರಿಗೆ ಹೊತ್ತಿಸುವುದಕ್ಕಿಂತ ಮುಂಚೆ ನಾನು ಈ ತಿರುಪು ತೋರಿಸುತ್ತೇನೆ. ಕಿಟಕಿ ತೆರೆದಿಡಿ ಅಂತಲೂ ಹೇಳುತ್ತೇನೆ, ಯಾಕೆಂದರೆ ಮುಚ್ಚಿದ ಕೋಣೆಯಲ್ಲಿ ಇದರಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ.

ಮ್ಯಾಂಟಲ್ ಬಗ್ಗೆ ಎರಡು ಮಾತು. ಬೆಳಕು ಕೊಡುವುದು ಬೆಂಕಿಯಲ್ಲ, ಅದು. ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಕಾರ್ಲ್ ಔಅರ್ ಫಾನ್ ವೆಲ್ಸ್‌ಬಾಕ್ 1885ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮೊದಲಿನವು ಹಸಿರು ಹಸಿರಾಗಿ ಉರಿದು ಜನರಿಗೆ ಹಿಡಿಸಲಿಲ್ಲ. 1891ರ ಹೊತ್ತಿಗೆ 99 ಪಾಲು ಥೋರಿಯಂ ಆಕ್ಸೈಡ್, 1 ಪಾಲು ಸೀರಿಯಂ ಆಕ್ಸೈಡ್ ಎಂಬ ಹದ ಸಿಕ್ಕಿತು. ಥೋರಿಯಂ ಒಂದೇ ಇದ್ದರೆ ಬೆಳಕು ಮಂಕು. ಚಿಟಿಕೆ ಸೀರಿಯಂ ಬಿದ್ದರೆ ಬೆಳ್ಳಂಬೆಳಕು. ಕಟ್ಟುವಾಗ ಮ್ಯಾಂಟಲ್ ಬಟ್ಟೆಯೇ, ಒಮ್ಮೆ ಸುಟ್ಟ ಮೇಲೆ ಬರೀ ಬೂದಿಯ ಜಾಲರಿ. ಮುಟ್ಟಿದರೆ ಪುಡಿ. ಥೋರಿಯಂ ವಿಕಿರಣ ಸೂಸುವುದರಿಂದ ಹಳೇ ಮ್ಯಾಂಟಲ್ ಪುಡಿಯನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಈಗಿನ ಹಲವು ಮ್ಯಾಂಟಲ್‌ಗಳಲ್ಲಿ ಥೋರಿಯಂ ಬದಲು ಇಟ್ರಿಯಂ ಇರುತ್ತದೆ. ತೂತು ಬಿದ್ದ ಮ್ಯಾಂಟಲ್‌ನಲ್ಲಿ "ಇವತ್ತೊಂದು ದಿನ" ಅಂತ ದೀಪ ಹೊತ್ತಿಸಬೇಡಿ. ತೂತಿನಿಂದ ಬೆಂಕಿ ಸೂಜಿಯ ಹಾಗೆ ಹೊರಟು ಗಾಜಿಗೆ ಬಡಿಯುತ್ತದೆ. ನನ್ನ ಒಂದು ಹಳೇ ಗಾಜು ಹೋಗಿದ್ದು ಹೀಗೆ. ವಾಷರ್ ಮನೆಯಲ್ಲೇ ಕತ್ತರಿಸಬಹುದು, ಆ ಗಾಜನ್ನು ಎಲ್ಲಿಂದ ತರುವುದು?

ಇನ್ನು ಹೊಳಪು. "ಪಾಲಿಶ್ ಹೊಡೆದು ಚಿನ್ನದ ಹಾಗೆ ಮಾಡಬಹುದಲ್ಲ?" ಅನ್ನುತ್ತಾರೆ. ಮಾಡಬಹುದು. ಆದರೆ ಎಷ್ಟೋ ದೀಪಗಳು ತಯಾರಾದಾಗ ಹಿತ್ತಾಳೆ ಬಣ್ಣದವೇ ಅಲ್ಲ, ಮೇಲೆ ನಿಕ್ಕಲ್ ಲೇಪ ಇತ್ತು. ಉಜ್ಜಿ ಉಜ್ಜಿ ಚಿನ್ನ ಮಾಡಿದರೆ ಕಂಪನಿಯವರು ಹಾಕಿದ ಲೇಪ ಹೋಯಿತು, ಕೆತ್ತಿದ ಅಕ್ಷರವೂ ಸವೆಯಿತು. ನನ್ನ ಮಟ್ಟಿಗೆ ಸೋಪು, ಬಿಸಿನೀರು, ಮೆತ್ತನೆಯ ಬಟ್ಟೆ ಸಾಕು.

ಅದರಲ್ಲೂ ಅಮೋನಿಯ ಇರುವ ದ್ರಾವಣದಲ್ಲಿ ಹಿತ್ತಾಳೆಯನ್ನು ನೆನೆಸಿಡಬೇಡಿ. ಇದಕ್ಕೊಂದು ಹಳೇ ಕಥೆ ಇದೆ. ಬ್ರಿಟಿಷರ ಸೇನೆ ಭಾರತದಲ್ಲಿ ಮಳೆಗಾಲಕ್ಕೆ ಮದ್ದುಗುಂಡುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಗುಂಡುಗಳ ಹಿತ್ತಾಳೆ ಕವಚ ತಾನೇ ಬಿರುಕು ಬಿಟ್ಟಿರುತ್ತಿತ್ತು. ಕಾರಣ ಬಿಡಿಸಿ ಹೇಳಿದ್ದು 1921ರಲ್ಲಿ. ಕುದುರೆ ಮೂತ್ರದ ಅಮೋನಿಯ. ಅಚ್ಚಿನಲ್ಲಿ ಒತ್ತಿ ಆಕಾರ ಕೊಟ್ಟ ಹಿತ್ತಾಳೆಯೊಳಗೆ ಒಂದು ಬಿಗಿತ ಉಳಿದುಕೊಂಡಿರುತ್ತದೆ, ಅಮೋನಿಯ ತಗುಲಿದರೆ ಅದು ಸೀಳುತ್ತದೆ. ದೀಪದ ಟ್ಯಾಂಕ್ ಕೂಡ ಹಾಗೇ ಒತ್ತಿ ಮಾಡಿದ ಹಿತ್ತಾಳೆ, ಜೊತೆಗೆ ಒಳಗಿನಿಂದ ಗಾಳಿಯ ಒತ್ತಡ ಬೇರೆ.

ಕಪಾಟಿನ ಎಡತುದಿಯಲ್ಲಿ ಅಂಥದ್ದೊಂದು ದೀಪ ಇದೆ. ಗಾಜು ಸರಿಯಿದೆ, ಪಂಪ್ ಸರಿಯಿದೆ, ನಿಪ್ಪಲ್ ಸರಿಯಿದೆ. ನೀರಿನಲ್ಲಿ ಮುಳುಗಿಸಿದಾಗ ಟ್ಯಾಂಕಿನ ಭುಜದಲ್ಲಿ, ಕೂದಲೂ ಹೋಗದ ಒಂದು ಗೆರೆಯಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಬೆಸುಗೆ ಹಾಕಿಸು ಅಂತ ತುಂಬಾ ಜನ ಹೇಳಿದರು. ಒಂದು ಬಿರುಕು ಕಂಡಿದೆ ಅಂದರೆ ಕಾಣದ್ದು ಇನ್ನೆಷ್ಟಿವೆಯೋ. ಅದರೊಳಗೆ ಎಣ್ಣೆ ಹಾಕಿ, ಗಾಳಿ ತುಂಬಿ, ಪಕ್ಕದಲ್ಲೇ ಬೆಂಕಿ ಇಡುವ ಧೈರ್ಯ ನನಗಿಲ್ಲ. ಮನೆಗೆ ಬಂದವರು ಎಲ್ಲವನ್ನೂ ಬಿಟ್ಟು ಅದರ ಕಡೆಗೇ ಬೆರಳು ತೋರಿಸುತ್ತಾರೆ, ನೋಡಲು ಅದೇ ಚೆಂದ.

"ಅದು ಉರಿಯುತ್ತಾ?"

"ಇಲ್ಲ."